ಗ್ಯಾರೇಜಿಗೆ ಬಂದ ಕೂಡಲೇ ಸರಿಯಾಗುವ ಕಾರು

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಕಷ್ಟವಲ್ಲ. ಫ್ಯೂಸ್ ಹೋಗಿದ್ದರೆ ಹೋಗಿದೆ, ವೈರ್ ತುಂಡಾಗಿದ್ದರೆ ಆಗಿದೆ. ಮೀಟರ್ ಹಿಡಿದರೆ ಗೊತ್ತಾಗುತ್ತದೆ. ತಲೆ ತಿನ್ನುವುದು ಆಗೊಮ್ಮೆ ಈಗೊಮ್ಮೆ ಕೆಡುವ ಕಾರು. ಘಾಟಿಯಲ್ಲಿ ಬಂದ್ ಆಗುತ್ತದೆ, ಅಂಗಳದಲ್ಲಿ ಚೆನ್ನಾಗಿಯೇ ಓಡುತ್ತದೆ. "ಬರುವಾಗ ಮೂರು ಸಲ ನಿಂತಿತ್ತು ಮಾರಾಯ್ರೆ, ನಿಮ್ಮ ಬಾಗಿಲಿಗೆ ಬಂದ ಕೂಡ್ಲೆ ಸರಿಯಾಯ್ತು" ಎಂದು ಮಾಲೀಕರು ಪೆಚ್ಚಾಗಿ ನಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ತೀರ್ಥಹಳ್ಳಿ ಸೀಮೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನಿಗೆ ಇಂಥ ಕಾರುಗಳಿಗೆ ಬರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ, ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು, ಘಾಟಿ ಇಳಿದರೆ ಕರಾವಳಿಯ ಉಪ್ಪುಗಾಳಿ, ಕೊಟ್ಟಿಗೆ ಪಕ್ಕದಲ್ಲಿ ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಸಂಸಾರ ಹೂಡುವ ಇಲಿ. ವೈರಿಂಗ್ ಕೆಡಲು ಇನ್ನೇನು ಬೇಕು? ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನದಟ್ಟಾದದ್ದು ಒಂದು: ಬಂದು ಹೋಗುವ ದೋಷ ತನಗಿಷ್ಟ ಬಂದಾಗ ಬರುವುದಿಲ್ಲ. ಬಿಸಿ, ತೇವ, ಅದುರಾಟ, ಲೋಡ್ ಈ ನಾಲ್ಕರಲ್ಲಿ ಒಂದೋ ಎರಡೋ ಕೂಡಿದಾಗ ಮಾತ್ರ ಬರುತ್ತದೆ. ಮೊದಲು ಆ ಸಂದರ್ಭ ಯಾವುದೆಂದು ಹುಡುಕಬೇಕು. ಅದು ಸಿಕ್ಕಿದ ಮೇಲೆ ಕೆಟ್ಟ ಜಾಗ ಹೆಚ್ಚು ಹೊತ್ತು ಅಡಗಿ ಕೂರುವುದಿಲ್ಲ.

1. ಬಾನೆಟ್ ಎತ್ತುವ ಮೊದಲು ಕುರ್ಚಿ ಹಾಕಿ

"ಗಾಡಿ ಬಂದ್ ಬೀಳ್ತದೆ" ಎಂಬ ಒಂದು ಮಾತಿನಿಂದ ಏನೂ ತಿಳಿಯುವುದಿಲ್ಲ. ಮಾಲೀಕರನ್ನು ಕೂರಿಸಿ ಕೇಳಬೇಕು. ಕಾರನ್ನು ದಿನಾ ಓಡಿಸುವವರು ಬೇರೆಯಾದರೆ ಅವರನ್ನೇ ಕರೆಸಬೇಕು. ಇಂಜಿನ್ ಬಿಸಿಯಾದ ಮೇಲೋ, ಬೆಳಗ್ಗೆ ಮೊದಲ ಸ್ಟಾರ್ಟಿಗೋ? ಮಳೆಯಲ್ಲೋ, ಮಳೆ ಬಂದ ಮರುದಿನವೋ, ತೊಳೆದ ಮೇಲೋ? ಎಡಕ್ಕೆ ತಿರುಗಿಸಿದಾಗಲೋ, ಹೊಂಡಕ್ಕೆ ಇಳಿದಾಗಲೋ? ಎಸಿ ಹಾಕಿತ್ತೋ? ನಿಂತ ಮೇಲೆ ತಕ್ಷಣ ಸ್ಟಾರ್ಟ್ ಆಯಿತೋ, ಕಾಲು ಗಂಟೆ ಕಾಯಬೇಕಾಯಿತೋ? ಇತ್ತೀಚೆಗೆ ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪ್, ರಿವರ್ಸ್ ಕ್ಯಾಮೆರಾ ಏನಾದರೂ ಹಾಕಿಸಿದ್ದೀರೋ?

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಇಂಜಿನ್ ನಿಂತಾಗ ಡ್ಯಾಶ್‌ಬೋರ್ಡಿನ ದೀಪಗಳೂ ಆರಿದವೋ, ಉರಿಯುತ್ತಲೇ ಇದ್ದವೋ? ಎಲ್ಲವೂ ಆರಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್, ಮೇನ್ ಅರ್ಥ್ ಕಡೆ ನೋಡಬೇಕು. ದೀಪ ಉರಿಯುತ್ತಿದ್ದು ಇಂಜಿನ್ ಮಾತ್ರ ನಿಂತಿದ್ದರೆ ಸೆನ್ಸರ್, ಫ್ಯೂಯಲ್ ಪಂಪ್, ಇಂಜಿನ್ ರಿಲೇ ಕಡೆ. ಒಂದು ಉತ್ತರದಿಂದ ಅರ್ಧ ವೈರಿಂಗ್ ಲೆಕ್ಕದಿಂದ ಹೊರಗೆ ಹೋಯಿತು, ಕೈಗೆ ಇನ್ನೂ ಗ್ರೀಸ್ ಹತ್ತಿಲ್ಲ.

2. ಸಾಕ್ಷಿ ಅಳಿಸಬೇಡಿ

ಕಾರು ಬಂದ ಕೂಡಲೇ ಬ್ಯಾಟರಿ ಬಿಚ್ಚುವುದು, ಸ್ಕ್ಯಾನರ್ ಹಾಕಿ ಕೋಡ್ ಅಳಿಸುವುದು, ಕೈಗೆ ಸಿಕ್ಕ ಕಪ್ಲರುಗಳನ್ನೆಲ್ಲ ಎಳೆದು ಮತ್ತೆ ಒತ್ತುವುದು, ಈ ಮೂರೂ ಹುಡುಕಾಟವನ್ನು ಹಾಳು ಮಾಡುತ್ತವೆ. ಇಂಜಿನ್ನಿನ ಕಂಪ್ಯೂಟರಾದ ಇಸಿಎಂ ದೋಷದ ಕೋಡ್ ಬರೆದುಕೊಂಡಾಗ ಅದರ ಜೊತೆ ಆ ಕ್ಷಣದ ಆರ್‌ಪಿಎಂ, ಇಂಜಿನ್ ಬಿಸಿ, ಕಾರಿನ ವೇಗವನ್ನೂ ಫ್ರೀಜ್ ಫ್ರೇಮಿನಲ್ಲಿ ಇಟ್ಟುಕೊಂಡಿರುತ್ತದೆ. ಮಾಲೀಕರು ಮರೆತದ್ದು ಅಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಮುಂದಿನ ಕೆಲಸ.

ಕಪ್ಲರ್ ವಿಷಯ ಇನ್ನೂ ಸೂಕ್ಷ್ಮ. ಅದುರಾಟಕ್ಕೆ ಒಳಗಿನ ಪಿನ್ನುಗಳು ಕೂದಲೆಳೆಯಷ್ಟು ಆಚೀಚೆ ಸರಿದು ಸರಿದು ಅವುಗಳ ಮೇಲೆ ಕಪ್ಪು ಪದರ ಕಟ್ಟುತ್ತದೆ. ಕಪ್ಲರನ್ನು ಒಮ್ಮೆ ಎಳೆದು ಒತ್ತಿದರೆ ಆ ಪದರ ಕೆರೆದುಹೋಗಿ ಕಾರು ಕೆಲವು ವಾರ ಸರಿಯಾಗಿರುತ್ತದೆ. ಅದೇ ಹೊತ್ತಿಗೆ ಯಾರೋ ಒಂದು ಸೆನ್ಸರ್ ಬದಲಾಯಿಸಿದ್ದರೆ ಹೆಸರು ಸೆನ್ಸರಿಗೆ ಬರುತ್ತದೆ. ದೋಷ ವಾಪಸ್ ಬಂದಾಗ ಇನ್ನೊಂದು ಹೊಸ ಸೆನ್ಸರ್.

ಕೋಡ್ ಓದುವಾಗಲೂ ಅಷ್ಟೇ. ಪಿ0335 ಎಂದರೆ ಇಂಜಿನ್ ತಿರುಗುವ ಸುದ್ದಿ ಕೊಡುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದಲ್ಲ. ಆ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದು. ಸರ್ಕ್ಯೂಟ್ ಎಂದರೆ ಸೆನ್ಸರ್, ಕಪ್ಲರ್, ವೈರ್, ಅರ್ಥ್, ಇಸಿಎಂ ಎಲ್ಲವೂ ಸೇರಿತು.

3. ಬ್ಯಾಟರಿಯನ್ನು ಮೊದಲು ಲೆಕ್ಕದಿಂದ ತೆಗೆಯಿರಿ

ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್ ಎಲ್ಲ ದೀಪಗಳೂ ಒಟ್ಟಿಗೆ ಬಂದು, ಸ್ಕ್ಯಾನರಿನಲ್ಲಿ ರಾಶಿ ಕೋಡ್ ಬಿದ್ದಿದ್ದರೆ ಹೆದರಬೇಕಾಗಿಲ್ಲ. ಅಷ್ಟೂ ಯೂನಿಟ್ ಒಂದೇ ದಿನ ಕೆಡುವುದಿಲ್ಲ. ಸ್ಟಾರ್ಟ್ ಮಾಡುವ ಹೊತ್ತಿಗೆ ವೋಲ್ಟೇಜ್ ಕುಸಿದರೆ ಎಲ್ಲವೂ ಒಟ್ಟಿಗೆ ಗೋಳಿಡುತ್ತವೆ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಇನ್ನು ಟರ್ಮಿನಲ್: ಕೈಯಲ್ಲಿ ತಿರುಚಿದರೆ ಕ್ಲ್ಯಾಂಪ್ ಅಲುಗಬಾರದು. ಹೊರಗೆ ಪುಡಿ ಇಲ್ಲದಿದ್ದರೂ ಒಳಗೆ ಕಪ್ಪು ಹಿಡಿದಿರಬಹುದು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೂ ಇನ್ನೊಂದನ್ನು ಅದರ ಮೇಲೆ ಕೂತ ಕ್ಲ್ಯಾಂಪಿನ ಮೇಲೂ ಇಟ್ಟು ಸೆಲ್ಫ್ ಹೊಡೆಸಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಬಂತೆಂದರೆ ಒಂದು ಕಳ್ಳ ಅಲ್ಲೇ ಸಿಕ್ಕ.

4. ಓಮ್ಸ್ ನೋಡಿ ಮೋಸ ಹೋಗಬೇಡಿ

ಹತ್ತು ಎಳೆಯಲ್ಲಿ ಒಂಬತ್ತು ಕಡಿದ ಹಗ್ಗದ ಮೇಲೆ ಪಂಚೆ ಒಣಗಿಸಬಹುದು, ಬಾವಿಯಿಂದ ಕೊಡ ಸೇದಲಾಗದು. ವೈರೂ ಹಾಗೆ. ಒಳಗೆ ಒಂದೇ ಎಳೆ ಉಳಿದ ಕೇಬಲ್ಲಿಗೆ ಮಲ್ಟಿಮೀಟರನ್ನು ಓಮ್ಸಿನಲ್ಲಿ ಹಿಡಿದರೆ ಸೊನ್ನೆಯೇ ತೋರಿಸುತ್ತದೆ, ಬೀಪ್ ಕೂಡ ಹೊಡೆಯುತ್ತದೆ. ಮೀಟರ್ ಅದರ ಮೂಲಕ ಕಳಿಸುವುದು ತೀರಾ ಅಲ್ಪ ಕರೆಂಟ್.

ಸೆಲ್ಫ್ ಮೋಟಾರ್ ಎಳೆಯುವುದು ಸಾಮಾನ್ಯವಾಗಿ 150ರಿಂದ 200 ಆಂಪಿಯರ್. 200 ಆಂಪಿಯರ್ ಹರಿಯುವ ದಾರಿಯಲ್ಲಿ 0.01 ಓಮ್ ಅಡ್ಡಿ ಇದ್ದರೆ ಅಲ್ಲೇ 2 ವೋಲ್ಟ್ ನಷ್ಟ. 0.01 ಓಮನ್ನು ಸಾಧಾರಣ ಮೀಟರ್ ಅಳೆಯಲಾರದು, ಆದರೆ 2 ವೋಲ್ಟನ್ನು ಯಾವ ಮೀಟರಾದರೂ ತೋರಿಸುತ್ತದೆ. ಆದ್ದರಿಂದ ಲೋಡ್ ಓಡುತ್ತಿರುವಾಗಲೇ ವೋಲ್ಟೇಜ್ ಡ್ರಾಪ್ ನೋಡಬೇಕು. ಬಲ್ಬ್ ಉರಿಯುತ್ತಿರಲಿ, ಫ್ಯಾನ್ ತಿರುಗುತ್ತಿರಲಿ. ಮೀಟರಿನ ಎರಡು ತುದಿಗಳನ್ನು ಒಂದೇ ವೈರಿನ ಎರಡು ಕೊನೆಗಳಿಗೆ ಹಿಡಿಯಿರಿ. ನಾನು ಇಟ್ಟುಕೊಂಡ ಅಳತೆ: ಸಾಧಾರಣ ವೈರಿಗೆ 0.2, ಸ್ವಿಚ್ಚಿಗೆ 0.3, ಅರ್ಥಿಗೆ 0.1 ವೋಲ್ಟ್. ಅದಕ್ಕಿಂತ ಹೆಚ್ಚು ಬಂದರೆ ಆ ತುಂಡಿನಲ್ಲೇ ಹುಡುಕಿ.

5. ವಿಚಿತ್ರ ಕಂಡರೆ ಅರ್ಥ್ ನೋಡಿ

ಅಡಿಕೆ ವ್ಯಾಪಾರದ ಒಂದು ಹಳೆ ವ್ಯಾನು. ಬ್ರೇಕ್ ಒತ್ತಿದರೆ ಹಿಂದಿನ ಒಂದು ಕಡೆಯ ಬ್ರೇಕ್ ಲೈಟ್ ಮಂಕು, ಅದರ ಜೊತೆಗೆ ಇಂಡಿಕೇಟರೂ ಮಿಣುಕುತ್ತಿತ್ತು. ಹಿಂದಿನ ಬಾಗಿಲನ್ನು ಜೋರಾಗಿ ಹಾಕಿದರೆ ಸರಿ. ಮಳೆ ಬಂದರೆ ಮತ್ತೆ ಅದೇ ಕತೆ. ಬಲ್ಬ್, ಹೋಲ್ಡರ್, ಬ್ರೇಕ್ ಸ್ವಿಚ್ ಎಲ್ಲವನ್ನೂ ಮಾಲೀಕರು ಹೊಸದು ಹಾಕಿಸಿದ್ದರು.

ಬ್ರೇಕ್ ಒತ್ತಿಸಿಕೊಂಡು, ಲ್ಯಾಂಪಿನ ಕಪ್ಲರಿನಲ್ಲಿ ಅರ್ಥ್ ಪಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಮೀಟರ್ ಹಿಡಿದೆ. 4 ವೋಲ್ಟ್ ಆಸುಪಾಸು. ಸರಿ ಇದ್ದರೆ ಸೊನ್ನೆಯ ಹತ್ತಿರ ಇರಬೇಕಾದ ಜಾಗ ಅದು. ಅಂದರೆ 21 ವಾಟಿನ ಬ್ರೇಕ್ ಬಲ್ಬಿನ ಕರೆಂಟಿಗೆ ಬಾಡಿಗೆ ಇಳಿಯುವ ದಾರಿ ಕಟ್ಟಿದೆ. ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಮುಂದಿನ ಇಂಡಿಕೇಟರಿನ ಮೂಲಕ ಅರ್ಥ್ ಹುಡುಕಿಕೊಂಡು ಹೋಗುತ್ತಿದೆ. ಕಪ್ಪು ವೈರ್ ಹಿಡಿದು ಹೋದರೆ ಲೈನಿಂಗಿನ ಹಿಂದೆ ಒಂದು ಸ್ಕ್ರೂ, ಅದರ ಕೆಳಗೆ ಪೇಂಟೂ ತುಕ್ಕೂ ಸೇರಿದ ಪದರ. ಕೆರೆದು, ಬರಿಯ ತಗಡು ಕಾಣಿಸಿ, ಹೊಸ ರಿಂಗ್ ಲಗ್ ಹಾಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಕೆಲಸ ಅಷ್ಟೇ.

ಒಂದು ಸ್ವಿಚ್ ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ಕೆಲಸ ಮಾಡುವುದು, ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುವುದು, ಇವೆಲ್ಲ ಅರ್ಥಿನ ಲಕ್ಷಣ. ಇಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಕೆಟ್ಟರಂತೂ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗಿ ಕೇಬಲ್ ಬಿಸಿಯಾಗುವುದುಂಟು. ಅನುಮಾನ ಬಂದರೆ ಒಂದು ಜಂಪರ್ ಕೇಬಲನ್ನು ಬ್ಯಾಟರಿ ಮೈನಸ್ಸಿನಿಂದ ಇಂಜಿನ್ನಿಗೆ ನೇರ ಕೊಟ್ಟು ನೋಡಿ. ಕಾಟ ನಿಂತರೆ ಉತ್ತರ ಸಿಕ್ಕಿತು.

6. ಅಲುಗುವ ಜಾಗದಲ್ಲಿ ಕೈ ಆಡಿಸಿ

ವೈರ್ ಸುಮ್ಮನೆ ಮಲಗಿದ ಕಡೆ ಕೆಡುವುದು ಅಪರೂಪ. ಮಡಚಿ ಬಿಚ್ಚುವ ಕಡೆ ಕೆಡುತ್ತದೆ: ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಬೂಟು, ಡಿಕ್ಕಿ ಬಾಗಿಲಿನ ಬೂಟು, ಹಿಂದೆ ಮುಂದೆ ಸರಿಯುವ ಸೀಟಿನಡಿ, ಇಂಜಿನ್ನಿಗೆ ಹೋಗುವ ಹಾರ್ನೆಸ್. ಪವರ್ ವಿಂಡೋ ಬಾಗಿಲು ತೆರೆದಾಗ ಕೆಲಸ ಮಾಡಿ ಹಾಕಿದಾಗ ನಿಂತರೆ ಸ್ವಿಚ್ ಬಿಚ್ಚುವ ಮೊದಲು ಬೂಟ್ ಸರಿಸಿ ನೋಡಿ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ಒಂದೊಂದೇ ವೈರನ್ನು ಮೆಲ್ಲಗೆ ಎಳೆದರೆ ತುಂಡಾದದ್ದು ಆ ಜಾಗದಲ್ಲಿ ಹಿಗ್ಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಹಾರ್ನ್ ಬಂದು ಹೋಗುತ್ತಿದ್ದು, ಜೊತೆಗೆ ಏರ್‌ಬ್ಯಾಗ್ ದೀಪವೂ ಉರಿದರೆ ಸ್ಟೀರಿಂಗಿನೊಳಗಿನ ಕ್ಲಾಕ್ ಸ್ಪ್ರಿಂಗ್ ಮೇಲೆ ಸಂಶಯ ಪಡಿ.

ಏರ್‌ಬ್ಯಾಗಿನ ಹಳದಿ ವೈರಿಂಗಿಗೆ ಟೆಸ್ಟ್ ಲ್ಯಾಂಪ್ ಚುಚ್ಚುವುದು, ಓಮ್ಸ್ ಹಿಡಿಯುವುದು ಬೇಡವೇ ಬೇಡ. ಬ್ಯಾಟರಿ ಬಿಚ್ಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಿ.

7. ದೋಷ ಬರುವವರೆಗೆ ಕಾಯಬೇಡಿ, ಬರಿಸಿ

ಮೊದಲ ಪಾಠದಲ್ಲಿ ಕೇಳಿ ತಿಳಿದ ಸಂದರ್ಭವನ್ನು ಗ್ಯಾರೇಜಿನಲ್ಲೇ ಹುಟ್ಟಿಸಬೇಕು. ಬಿಸಿಗೆ ಹೇರ್ ಡ್ರೈಯರ್, ತೇವಕ್ಕೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿ, ಅದುರಾಟಕ್ಕೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುವುದು, ಲೋಡಿಗೆ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕುವುದು. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ.

ಘಾಟಿ ಹತ್ತುವಾಗ ಮಾತ್ರ ನಿಲ್ಲುತ್ತಿದ್ದ ಒಂದು ಡೀಸೆಲ್ ಕಾರು ಬಂತು. ಬಯಲಿನಲ್ಲಿ ಶಿವಮೊಗ್ಗದವರೆಗೆ ಹೋಗಿ ಬಂದರೂ ಏನಿಲ್ಲ; ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ತಿರುವಿನಲ್ಲಿ ಮೊದಲ ಗೇರಿಗೆ ಹಾಕಿ ಎಳೆಸಿದರೆ ಗಕ್ಕನೆ ಬಂದ್. ತಕ್ಷಣ ಮತ್ತೆ ಸ್ಟಾರ್ಟ್. ಪಿ0335 ಕೋಡ್ ಇತ್ತು, ಕ್ರ್ಯಾಂಕ್ ಸೆನ್ಸರ್ ಬೇರೆ ಕಡೆ ಆಗಲೇ ಬದಲಾಗಿತ್ತು. ಓಡಿಸುತ್ತಿದ್ದ ಹುಡುಗ ಒಂದು ಒಳ್ಳೆಯ ಮಾತು ಹೇಳಿದ: "ಗಾಡಿ ಗೇರಿನಲ್ಲೇ ಉರುಳ್ತಾ ಇರ್ತದೆ ಅಣ್ಣ, ಆದ್ರೂ ಆರ್‌ಪಿಎಂ ಮುಳ್ಳು ಒಂದೇ ಸಲ ಸೊನ್ನೆಗೆ ಬೀಳ್ತದೆ." ಚಕ್ರ ಇಂಜಿನ್ನನ್ನು ತಿರುಗಿಸುತ್ತಿರುವಾಗ ಮುಳ್ಳು ಬಿದ್ದರೆ ನಿಂತದ್ದು ಇಂಜಿನ್ ಅಲ್ಲ, ಸೆನ್ಸರಿನ ಸುದ್ದಿ. ಡೀಸೆಲ್ ಸಾಲದೆ ನಿಂತಿದ್ದರೆ ಮುಳ್ಳು ವೇಗದ ಜೊತೆ ಮೆಲ್ಲಗೆ ಇಳಿಯುತ್ತಿತ್ತು.

ಸುದ್ದಿ ತಪ್ಪುವುದು ಬಿಸಿಯಿಂದ ಅಲ್ಲ, ಏಕೆಂದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಮೊದಲ ಗೇರು, ಏರು, ಪೂರ್ತಿ ಲೋಡ್: ಇಂಜಿನ್ ತನ್ನ ಮೌಂಟಿನ ಮೇಲೆ ಹಿಂದಕ್ಕೆ ವಾಲುವ ಹೊತ್ತು ಅದು. ಕಾರಿನ ಮುಂದೆ ಹಿಂದೆ ಯಾರೂ ಇಲ್ಲದಂತೆ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕೂ ಒತ್ತಿಸಿ, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪ ಬಿಡಿಸಿದೆ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ಒಂದು ಗಳಿಗೆ ಸೊನ್ನೆಗೆ ಹೋಗಿ ಬಂತು. ರಿವರ್ಸ್ ಗೇರಿನಲ್ಲಿ ಹಾಗೆಯೇ ಮಾಡಿಸಿದರೆ, ಇಂಜಿನ್ ಆಚೆ ಕಡೆಗೆ ವಾಲಿತು, ಆರ್‌ಪಿಎಂ ಅಲುಗಲಿಲ್ಲ. ಅಲ್ಲಿಗೆ ದಿಕ್ಕು ಸಿಕ್ಕಿತು.

ಸೆನ್ಸರಿನ ವೈರ್ ಹಿಡಿದು ಬೆರಳಾಡಿಸುತ್ತ ಹೋದರೆ, ಸುರುಳಿ ಪೈಪಿನ ಮೇಲ್ಭಾಗ ಹೊಸದರಂತಿದೆ, ಕೆಳಭಾಗ ಒಂದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಸವೆದಿದೆ. ಹಿಡಿದಿಡಬೇಕಾದ ಕ್ಲಿಪ್ ಮುರಿದುಹೋಗಿತ್ತು. ಒಳಗಿನ ಸಿಗ್ನಲ್ ವೈರಿನಲ್ಲಿ ಮಿಲಿಮೀಟರಿನಷ್ಟು ತಾಮ್ರ ಹೊಳೆಯುತ್ತಿತ್ತು. ಇಂಜಿನ್ ಹಿಂದಕ್ಕೆ ವಾಲಿದಾಗಲೆಲ್ಲ ಅದು ಬ್ರಾಕೆಟ್ಟಿಗೆ ತಾಗಿ ಅರ್ಥ್ ಆಗುತ್ತಿತ್ತು. ವೈರ್ ಜೋಡಿಸಿ, ಶೀಲ್ಡ್ ಹೊದಿಕೆಯನ್ನೂ ಸೇರಿಸಿ, ಹೀಟ್ ಶ್ರಿಂಕ್ ಹಾಕಿ, ಹಾರ್ನೆಸ್ಸನ್ನು ಅಂಚಿನಿಂದ ದೂರ ಕಟ್ಟಿದ್ದಾಯಿತು. ಸವೆದ ಇಂಜಿನ್ ಮೌಂಟನ್ನೂ ಬದಲಾಯಿಸಿದೆ. ಅದನ್ನು ಹಾಗೇ ಬಿಟ್ಟರೆ ಇನ್ನೊಂದು ವೈರ್ ಉಜ್ಜುತ್ತದೆ.

8. ಫ್ಯೂಸ್ ಸುಡುತ್ತಿದ್ದರೆ ಬಲ್ಬ್ ಹಾಕಿ

ಆಗಾಗ 10 ಆಂಪಿಯರಿನ ಕೆಂಪು ಫ್ಯೂಸ್ ಹೋಗುತ್ತದೆಂದು 20ರ ಹಳದಿ ಫ್ಯೂಸ್ ಹಾಕಿಕೊಂಡು ಬರುವವರಿದ್ದಾರೆ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಫ್ಯೂಸಿನ ಎರಡು ಕಾಲುಗಳ ಜಾಗಕ್ಕೆ 21 ವಾಟಿನ ಒಂದು ಬಲ್ಬನ್ನು ಜೋಡಿಸಿ. ಎಷ್ಟೇ ಶಾರ್ಟ್ ಆದರೂ 2 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಶಾರ್ಟ್ ಇಲ್ಲದಾಗ ಬಲ್ಬ್ ಮಂಕಾಗಿರುತ್ತದೆ ಅಥವಾ ಆರಿರುತ್ತದೆ. ಶಾರ್ಟ್ ಆದ ಕ್ಷಣ ಝಗ್ಗೆಂದು ಉರಿಯುತ್ತದೆ. ಈಗ ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋಗಿ, ಕಣ್ಣು ಬಲ್ಬಿನ ಮೇಲಿರಲಿ. ಹೊರಗಿನಿಂದ ಹಾಕಿಸಿದ ಫಾಗ್ ಲ್ಯಾಂಪ್, ಹಾರ್ನಿನ ವೈರುಗಳಿಂದ ಶುರು ಮಾಡಿದರೆ ಬೇಗ ಮುಗಿಯುತ್ತದೆ.

9. ವೈರಿಗೆ ಚುಚ್ಚಬೇಡಿ, ಪಿನ್ನನ್ನು ಅಗಲಿಸಬೇಡಿ

ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚಿ ಕರೆಂಟ್ ನೋಡಿದ ತೂತಿನಿಂದ ಮಲೆನಾಡಿನ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ. ಎಳೆಗಳ ನಡುವೆ ಅದು ಹತ್ತಿಕೊಂಡು ದೂರಕ್ಕೆ ಸಾಗಿ, ಮುಂದಿನ ವರ್ಷ ಅಲ್ಲಿ ಹಸಿರು ಕಿಲುಬು. ಕಪ್ಲರಿನ ಹಿಂಭಾಗದಿಂದ, ವೈರಿನ ಪಕ್ಕದಲ್ಲಿ, ತೆಳು ಪ್ರೋಬ್ ಇಳಿಸಿ ನೋಡಿ. ಮುಂಭಾಗದಿಂದ ದಪ್ಪ ಪ್ರೋಬ್ ತುರುಕಿದರೆ ಹೆಣ್ಣು ಪಿನ್ ಅಗಲವಾಗಿ, ಇಲ್ಲದ ಲೂಸ್ ಕಾಂಟ್ಯಾಕ್ಟನ್ನು ನಾವೇ ಮಾಡಿಟ್ಟಂತೆ. ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ಇಟ್ಟುಕೊಂಡಿದ್ದು ಒಂದೊಂದು ಹೆಣ್ಣು ಪಿನ್ನಿಗೂ ಹಾಕಿ ಎಳೆದು ನೋಡಿ. ಹಿಡಿತವೇ ಇಲ್ಲದೆ ಜಾರಿದರೆ ಅದೇ ಕಾರಣ.

10. ರಾತ್ರಿ ಇಳಿಯುವ ಬ್ಯಾಟರಿಗೆ ತಾಳ್ಮೆ ಬೇಕು

ನಿಂತ ಕಾರು 50 ಮಿಲಿಆಂಪಿಯರಿನೊಳಗೆ ಎಳೆದರೆ ದಿನಕ್ಕೆ 1.2 ಆಂಪಿಯರ್ ಗಂಟೆ, ಚಿಂತೆಯಿಲ್ಲ. ಡಿಕ್ಕಿಯ 5 ವಾಟಿನ ದೀಪ ಆರದೆ ಉಳಿದರೆ ದಿನಕ್ಕೆ 10 ಆಂಪಿಯರ್ ಗಂಟೆ ಹೋಗುತ್ತದೆ. 45 ಆಂಪಿಯರ್ ಗಂಟೆಯ ಬ್ಯಾಟರಿ ಮೂರು ದಿನದಲ್ಲಿ ಸೆಲ್ಫ್ ತಿರುಗಿಸದು. ಡಿಕ್ಕಿ ದೀಪ ಆರುತ್ತದೋ ಇಲ್ಲವೋ ನೋಡಲು ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಬಾಗಿಲು ಮುಚ್ಚಿ.

ಉಳಿದದ್ದಕ್ಕೆ ಅಳತೆ ಶುರು ಮಾಡುವ ಮೊದಲು ಕೀ ತೆಗೆದು, ಬಾಗಿಲಿನ ಲಾಕನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿದಂತೆ ಮಾಡಿ, ಅರ್ಧ ಗಂಟೆಗೂ ಮಿಕ್ಕಿ ಕಾಯಬೇಕು. ಯೂನಿಟ್‌ಗಳು ನಿದ್ದೆಗೆ ಹೋಗುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆ. ಆಮೇಲೂ ಫ್ಯೂಸ್ ಎಳೆಯಬೇಡಿ. ಎಳೆದು ಹಾಕಿದರೆ ಮಲಗಿದ ಯೂನಿಟ್ ಏಳುತ್ತದೆ. ಫ್ಯೂಸಿನ ತಲೆಯ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಏನಾದರೂ ತೋರಿಸಿದ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದೆ. ಹೊರಗಿನವರು ಹಾಕಿದ ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡ ರಿಲೇ ಹೆಚ್ಚಾಗಿ ಸಿಗುವುದು ಇಲ್ಲೇ.

11. ಎರಡು ವೈರಿನ ಮಾತುಕತೆಯನ್ನು ಅಳೆಯಿರಿ

ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ವ್ಯವಸ್ಥೆಯಲ್ಲಿ ಕಾರಿನ ಯೂನಿಟ್‌ಗಳು ಹೆಣೆದ ಎರಡು ವೈರಿನ ಮೇಲೆ ಪರಸ್ಪರ ಸುದ್ದಿ ಕಳಿಸುತ್ತವೆ. ಎರಡೂ ತುದಿಯಲ್ಲಿ 120 ಓಮಿನ ರೆಸಿಸ್ಟರ್. ಕೋಡ್ ಬರೆದುಕೊಂಡು, ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಹಾಕುವ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ರ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ತುಂಡು. ಸೊನ್ನೆಯ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಾಗಿವೆ. ಮೀಟರ್ ಹಿಡಿದುಕೊಂಡೇ ಹಾರ್ನೆಸ್ ಅಲುಗಾಡಿಸಿ. ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಎತ್ತಿ ನೋಡುವುದನ್ನು ಮರೆಯಬೇಡಿ. ವೈಪರ್ ಕೆಳಗಿನ ತೂತಿಗೆ ಎಲೆ ಕಟ್ಟಿಕೊಂಡರೆ ನೀರು ಒಳಗಿಳಿದು ಯೂನಿಟ್ಟಿನ ಕಪ್ಲರಿಗೆ ಬರುತ್ತದೆ.

12. ಸಾಬೀತು ಮಾಡಿ ಕೊಡಿ, ಸಿಗದಿದ್ದರೆ ಸಿಗಲಿಲ್ಲ ಎನ್ನಿ

ರಿಪೇರಿ ಆದ ಮೇಲೆ, ದೋಷ ಬರಿಸಿದ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಅದೇ ಗೇರು, ಅದೇ ನೀರು, ಅದೇ ಬಿಸಿ. ಸುತ್ತು ಹಾಕಿ ಬಂದೆ, ಏನೂ ಆಗಲಿಲ್ಲ ಎಂಬುದು ಸಾಬೀತಲ್ಲ. ಆಗಾಗ ಬರುವ ದೋಷಕ್ಕೆ ಬಾರದಿರುವುದೂ ಅಭ್ಯಾಸವೇ.

ಎಷ್ಟು ಮಾಡಿದರೂ ಬಾರದ ದೋಷಗಳಿವೆ. ಆಗ ಅಂದಾಜಿನ ಮೇಲೆ ಒಂದು ಭಾಗ ಹಾಕಿ ಬಿಲ್ ಬರೆಯುವುದು ಬೇಡ. ಏನೇನು ನೋಡಿದೆ, ಏನೇನು ಸರಿ ಇದೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಲ ಬಂದಾಗ ಏನು ನೋಡಬೇಕೆಂದೂ ಹೇಳಿ: "ಭಟ್ರೇ, ನಿಂತ ಕೂಡ್ಲೆ ಕೀ ತಿರುಗಿಸ್ಬೇಡಿ. ಡ್ಯಾಶ್‌ಬೋರ್ಡಿನ ಒಂದು ಫೋಟೋ ತೆಗೀರಿ, ಹಾರ್ನ್ ಹೊಡೆದು ನೋಡಿ, ಮಳೆ ಇತ್ತೋ ಬಿಸಿಲಿತ್ತೋ ಬರ್ಕೊಳ್ಳಿ, ಆಮೇಲೆ ನಂಗೆ ಫೋನ್ ಮಾಡಿ." ಇಷ್ಟು ಮಾಡಿ ಬಂದವರ ಕಾರಿನಲ್ಲಿ ಎರಡನೇ ಸಲ ಹುಡುಕುವುದಕ್ಕೆ ಮೊದಲಿನ ಅರ್ಧ ಹೊತ್ತೂ ಬೇಕಾಗುವುದಿಲ್ಲ.